ಸ್ಮಾರ್ಟ್ ಬೋರ್ಡ್ ಉದ್ಘಾಟನೆ ಸಾಕು, ಲ್ಯಾಬಿನ ಕಪಾಟು ತೆಗೀರಿ

ಸ್ಮಾರ್ಟ್ ಕ್ಲಾಸ್ ಉದ್ಘಾಟನೆಯ ಸುದ್ದಿಯನ್ನು ನಮ್ಮಂಥ ಸ್ಟ್ರಿಂಗರ್‌ಗಳು ಕಣ್ಣು ಮುಚ್ಚಿ ಬರೆಯಬಹುದು. ಸಾನ್ನಿಧ್ಯ ಇಂಥವರದು, ಅಧ್ಯಕ್ಷತೆ ಇಂಥವರದು, ದಾನಿಗಳಿಗೆ ಸನ್ಮಾನ, ಮಕ್ಕಳಿಂದ ಪ್ರಾರ್ಥನೆ. ಫೋಟೊದಲ್ಲಿ ಹತ್ತು ಜನ ದೊಡ್ಡವರು, ಹಿಂದೆ ಒಂದು ಹೊಳೆಯುವ ಪರದೆ. ಮಕ್ಕಳು ಫೋಟೊದಲ್ಲಿ ಇರುವುದಿಲ್ಲ.

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತೊರವಿ, ತಿಕೋಟಾ ಕಡೆಗೆ, ಅಲ್ಲಿಂದ ಬಬಲೇಶ್ವರದ ಕಡೆಗೆ ನಾವು ಸುದ್ದಿಗಾಗಿ ತಿರುಗುತ್ತಲೇ ಇರುತ್ತೇವೆ. ಈ ಭಾಗದಲ್ಲಿ ಸರ್ಕಾರಿ ಶಾಲೆಗಳ ಜೊತೆಗೆ ಮಠಗಳ ಶಾಲೆ, ಸಮಾಜದ ಸಂಘಗಳ ಶಾಲೆ, ಉರ್ದು ಮಾಧ್ಯಮದ ಶಾಲೆ, ಟ್ರಸ್ಟ್ ಶಾಲೆಗಳೂ ಇವೆ. ಹೋದಲ್ಲೆಲ್ಲ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: "ಸರ, ಲ್ಯಾಬ್ ತೋರಸ್ತೀರೇನ್ರಿ?" ಆಗ ಕೀಲಿಕೈ ಹುಡುಕಾಟ ಶುರು. ಹೆಡ್‌ಮಾಸ್ತರರ ಟೇಬಲ್ಲಿನಲ್ಲಿ ಇಲ್ಲ, ಸಿಪಾಯಿ ಹತ್ತಿರ ಇಲ್ಲ. ಕೊನೆಗೆ ಬಾಗಿಲು ತೆರೆದರೆ ಗಾಜಿನ ಕಪಾಟು, ಅದರೊಳಗೆ ಧೂಳು ಹೊದ್ದ ಬೀಕರ್, ಲೇಬಲ್ ಉದುರಿದ ಬಾಟಲಿ, ಪ್ಲಾಸ್ಟಿಕ್ ಕವರ್ ಸಹ ಬಿಚ್ಚದ ಮೈಕ್ರೋಸ್ಕೋಪ್. ಎಲ್ಲ ಕಡೆ ಹೀಗೇ ಅಂತ ನಾವು ಹೇಳುವುದಿಲ್ಲ. ಮಕ್ಕಳ ಕೈಗೆ ಪರೀಕ್ಷಾ ನಳಿಕೆ ಕೊಡುವ ಮೇಷ್ಟ್ರು, ಮೇಡಂಗಳು ಇದ್ದಾರೆ. ಆದರೆ ಅವರು ಅದನ್ನು ತಮ್ಮ ಹಟದಿಂದ ಮಾಡುತ್ತಾರೆ, ಸಂಸ್ಥೆಯ ಒತ್ತಾಸೆಯಿಂದ ಅಲ್ಲ.

ನಮ್ಮ ತಕರಾರು ಸರ್ಕಾರದ ಮೇಲೆ ಇದ್ದೇ ಇದೆ. ಆದರೆ ಇವತ್ತಿನ ಜಗಳ ಸಮುದಾಯದ ಹೆಸರಿನಲ್ಲಿ ಶಾಲೆ ನಡೆಸುವವರ ಜೊತೆ. ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು ಮೇಲಿನ ಆದೇಶಕ್ಕೆ ಕಾಯಬೇಕು. ನೀವು ಯಾರಿಗೆ ಕಾಯುತ್ತೀರಿ? ಆಡಳಿತ ಮಂಡಳಿ ನಿಮ್ಮದು, ದೇಣಿಗೆ ನಿಮ್ಮ ಸಮಾಜದ್ದು, ಕಟ್ಟಡ ನಿಮ್ಮದು. ಕಮಾನು ಕಟ್ಟಲು ಒಂದೇ ಸಭೆಯಲ್ಲಿ ಠರಾವು ಆಗುತ್ತದೆ. ವಾರಕ್ಕೆ ಒಂದು ಪ್ರಯೋಗದ ಅವಧಿಗೆ ಯಾಕೆ ಆಗುವುದಿಲ್ಲ?

ಕಾರಣ ಎಲ್ಲರಿಗೂ ಗೊತ್ತು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕ ಲಿಖಿತ, 20 ಅಂಕ ಆಂತರಿಕ. ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇಲ್ಲ. ಆ 20 ಅಂಕವನ್ನು ಶಾಲೆಯೇ ಕೊಡುತ್ತದೆ. ರಿಸಲ್ಟ್ ಬ್ಯಾನರಿನ ಆಸೆ ಇರುವಲ್ಲಿ ಅದು ಧಾರಾಳವಾಗಿಯೇ ಬೀಳುತ್ತದೆ. ಹೀಗಾಗಿ ಸುಣ್ಣದ ತಿಳಿನೀರಿಗೆ ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದೆ ಅಂತ ಹುಡುಗ ಬರೆಯುತ್ತಾನೆ, ಅಂಕವೂ ಬರುತ್ತದೆ, ಊದಿ ಮಾತ್ರ ನೋಡಿರುವುದಿಲ್ಲ. ಎಲೆ ಅಡಿಕೆಯ ಸುಣ್ಣ, ಒಂದು ಗ್ಲಾಸು ನೀರು, ಒಂದು ಸ್ಟ್ರಾ. ಇಷ್ಟಕ್ಕೆ ಯಾವ ದಾನಿ ಬೇಕು?

ಇದರ ಬೆಲೆ ಎರಡು ವರ್ಷ ತಡವಾಗಿ ಕಟ್ಟಬೇಕಾಗುತ್ತದೆ. ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಒಂದೊಂದಕ್ಕೂ 30 ಅಂಕ ಪ್ರಾಯೋಗಿಕಕ್ಕೆ. ತಿಕೋಟಾ ಕಡೆಯ ಹಳ್ಳಿಯಿಂದ ಬಂದ ಹುಡುಗಿ ವಿಜಯಪುರದ ಕಾಲೇಜಿನಲ್ಲಿ ಮೊದಲ ಸಲ ವರ್ನಿಯರ್ ಕ್ಯಾಲಿಪರ್ ಹಿಡಿಯುತ್ತಾಳೆ. ಪಕ್ಕದಲ್ಲಿ ಅದನ್ನು ಎಂಟನೇ ಕ್ಲಾಸಿನಲ್ಲೇ ಮುಟ್ಟಿದ ನಗರದ ಹುಡುಗ. ಅವಳ ಕೈ ನಡುಗಿದರೆ ನಾವು "ಗ್ರಾಮೀಣ ಮಕ್ಕಳಿಗೆ ಆತ್ಮವಿಶ್ವಾಸ ಕಡಿಮೆ" ಅಂತ ಭಾಷಣ ಮಾಡುತ್ತೇವೆ. ಅವಳಿಗೆ ಕಡಿಮೆಯಾದದ್ದು ಆತ್ಮವಿಶ್ವಾಸ ಅಲ್ಲ, ಕಪಾಟಿನ ಕೀಲಿಕೈ.

ಶಿಕ್ಷಕರನ್ನು ಕೇಳಿದರೆ ಅವರ ಮಾತಿನಲ್ಲೂ ಸತ್ಯ ಇದೆ. ಪೋರ್ಷನ್ ಮುಗಿಯುವುದಿಲ್ಲ. ಲ್ಯಾಬ್ ಸಹಾಯಕ ಇಲ್ಲ. ಪಿಸಿಎಂ ಶಿಕ್ಷಕರು ಇದ್ದಲ್ಲಿ ಸಿಬಿಝಡ್ ಹುದ್ದೆ ಖಾಲಿ. ಬೀಕರ್ ಒಡೆದರೆ ಪಗಾರದಲ್ಲಿ ಕಡಿತವಾದೀತು ಎಂಬ ಅಂಜಿಕೆ. ಒಬ್ಬ ಮೇಷ್ಟ್ರು ನಮಗೆ ನೇರವಾಗಿಯೇ ಅಂದರು: "ಆಸಿಡ್ ಚೆಲ್ಲಿದ್ರ ಪಾಲಕರು ನನ್ನ ಕೊರಳಪಟ್ಟಿ ಹಿಡೀತಾರ್ರಿ, ಮಂಡಳಿಯವರು ಬರೂದಿಲ್ಲ." ಇದಕ್ಕೆ ಉತ್ತರ ಕೊಡಬೇಕಾದವರು ಆ ಮೇಷ್ಟ್ರಲ್ಲ, ಮಂಡಳಿಯವರು.

"ನಮ್ಮದು ಧರ್ಮದ ಸಂಸ್ಕಾರ ಕೊಡುವ ಸಂಸ್ಥೆ, ತಂತ್ರಜ್ಞಾನ ಎಲ್ಲ ದೊಡ್ಡ ಊರಿನವರಿಗೆ" ಎನ್ನುವವರೂ ಸಿಗುತ್ತಾರೆ. ಅವರಿಗೆ ಒಂದು ದೂರದ ಉದಾಹರಣೆ. ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳು ಎಲ್ಲಿ ವಾಸಿಸಬೇಕು, ಯಾವ ಉದ್ಯೋಗ ಮಾಡಬೇಕು ಎಂಬುದಕ್ಕೂ ಕಟ್ಟುಪಾಡು ಇತ್ತು. 1880ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆ ಸಮುದಾಯದ ಉಳ್ಳವರು ಸೇರಿ ನಿಧಿ ಕೂಡಿಸಿದರು. ಕಸುಬು ಮತ್ತು ಬೇಸಾಯ ಕಲಿಸುವುದು ಅದರ ಉದ್ದೇಶ. ಅದೇ ಒಆರ್‌ಟಿ ಎಂಬ ಸಂಸ್ಥೆಯಾಗಿ ಬೆಳೆದು ದೇಶ ದೇಶಗಳಿಗೆ ಹಬ್ಬಿತು. ನಮ್ಮ ಮುಂಬೈಯಲ್ಲೂ ಕೆಲಸ ಮಾಡಿತು. ಇವತ್ತು ಆ ಜಾಲದ ಯಹೂದಿ ಶಾಲೆಗಳಲ್ಲಿ ಹೀಬ್ರೂ, ಧರ್ಮಗ್ರಂಥದ ಪಾಠದ ಜೊತೆಗೇ ರೋಬೊಟಿಕ್ಸ್, ಕೋಡಿಂಗ್, ವಿಜ್ಞಾನದ ಪ್ರಯೋಗ ನಡೆಯುತ್ತವೆ. ಧರ್ಮದ ಪಾಠ ಮತ್ತು ಕೈಕೆಲಸ ಅವರಿಗೆ ಎದುರಾಳಿಗಳಲ್ಲ. ತಂದೆಯಾದವನು ಮಗನಿಗೆ ಧರ್ಮಗ್ರಂಥದ ಜೊತೆ ಒಂದು ಕಸುಬನ್ನೂ ಕಲಿಸಬೇಕು ಎಂಬುದು ಅವರ ತಾಲ್ಮುದ್‌ನಲ್ಲೇ ಇರುವ ಕಟ್ಟಳೆ. ಕೊಂಕಣದ ಬೆನೆ ಇಸ್ರೇಲಿಗಳನ್ನು ಊರವರು "ಶನಿವಾರ ತೇಲಿ" ಎಂದೇ ಕರೆಯುತ್ತಿದ್ದರು. ವಾರವಿಡೀ ಗಾಣ, ಶನಿವಾರ ಧರ್ಮದ ಬಿಡುವು.

ನಮಗೆ ಇದು ಹೊಸ ಮಾತೇ? ಬಸವಣ್ಣ ಹುಟ್ಟಿದ ಜಿಲ್ಲೆ ಇದು. ಕಾಯಕವನ್ನೇ ಧರ್ಮ ಮಾಡಿದ ಶರಣರ ಹೆಸರಿನ ಹಿಂದೆಯೇ ಕಸುಬು ಇದೆ: ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಅವರ ಜಯಂತಿಗೆ ಮೆರವಣಿಗೆ ತೆಗೆಯುವ ಸಂಸ್ಥೆಯ ಶಾಲೆಯಲ್ಲಿ ಮಗು ಕೈಯಿಂದ ಏನನ್ನೂ ಮಾಡದೆ ಹತ್ತು ವರ್ಷ ಕಳೆಯುವುದು ಯಾವ ಕಾಯಕ? 1910ರಲ್ಲಿ ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಲು ಮುಂದಾದ ಫ.ಗು. ಹಳಕಟ್ಟಿಯವರು ಹುಟ್ಟಿದ್ದೂ ಅದೇ 1880ರಲ್ಲಿ. ವಚನಗಳನ್ನು ಅಚ್ಚು ಹಾಕಲು "ಹಿತಚಿಂತಕ" ಎಂಬ ಮುದ್ರಣಾಲಯವನ್ನೇ ಇಟ್ಟವರು ಅವರು. ಓಲೆಗರಿಯನ್ನು ಪೂಜೆಗೆ ಇಡದೆ ಯಂತ್ರಕ್ಕೆ ತಂದರು. ಆ ಕಾಲದ ತಂತ್ರಜ್ಞಾನ ಅದೇ ಆಗಿತ್ತು.

ದುಡ್ಡಿಲ್ಲ ಅನ್ನುತ್ತೀರಾ? ಅಥಣಿ ರಸ್ತೆಯೇ ಒಂದು ಪ್ರಯೋಗಶಾಲೆ. ತಿಕೋಟಾ ಭಾಗದ ಒಣದ್ರಾಕ್ಷಿ ಶೆಡ್ಡಿಗೆ ಹೋಗಿ. ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ಜಾಳಿಗೆಯ ಮೇಲೆ ಹರವುತ್ತಾರೆ. ಯಾಕೆ ಅದ್ದುತ್ತಾರೆ? ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಹೊರಗೆ ಬರಲಿ ಅಂತ. ಅದ್ದಿದ ಒಂದು ಗೊಂಚಲು, ಅದ್ದದ ಒಂದು ಗೊಂಚಲು, ಒಂದು ತಕ್ಕಡಿ. ದಿನಾ ತೂಕ ಮಾಡಿ ಗ್ರಾಫ್ ಹಾಕಿದರೆ ಎರಡು ಗೆರೆ ಬೇರೆ ಬೇರೆಯಾಗಿ ಇಳಿಯುತ್ತವೆ. ಸುಮಾರು 4 ಕೆ.ಜಿ. ಹಸಿ ಹಣ್ಣು 1 ಕೆ.ಜಿ. ಒಣದ್ರಾಕ್ಷಿ ಆಗುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಆ ಶೆಡ್ಡಿನಲ್ಲಿ ಕೂಲಿ ಮಾಡುವ ತಾಯಿಯ ಕೆಲಸ ಪುಸ್ತಕದಲ್ಲಿರುವ ರಸಾಯನಶಾಸ್ತ್ರವೇ ಅಂತಲೂ ತಿಳಿಯುತ್ತದೆ.

ತೊರವಿಯಲ್ಲಿ ಆದಿಲ್‌ಶಾಹಿ ಕಾಲದ ಸುರಂಗ ಬಾವಡಿ ಇದೆ. ಅಲ್ಲಿಂದ ನೆಲದೊಳಗಿನ ಸುರಂಗದಲ್ಲಿ ನಗರಕ್ಕೆ ನೀರು ಹರಿಯಿತು, ಯಾವ ಮೋಟಾರೂ ಇಲ್ಲದೆ. ನಗರದೊಳಗೆ ಕೊಳವೆಯ ಒತ್ತಡ ತಗ್ಗಿಸಲು ಕಟ್ಟಿದ ನೀರಿನ ಗೋಪುರಗಳು ಇನ್ನೂ ನಿಂತಿವೆ. ಗೌಂಡಿಗಳು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಶಾಲೆಯ ಮೈದಾನದ ಇಳಿಜಾರು ಅಳೆದ ಮಗುವಿಗೆ ಆ ಸುರಂಗ ತೋಡಿದವರ ಲೆಕ್ಕ ಅರ್ಥವಾಗುತ್ತದೆ. ಗೋಳಗುಮ್ಮಟಕ್ಕೆ ಪ್ರತಿ ಶಾಲೆಯೂ ಪ್ರವಾಸ ಹೋಗುತ್ತದೆ, ಮಕ್ಕಳು ಕೂಗಿ ಬರುತ್ತಾರೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಎದುರು ಗೋಡೆಗೆ ಹೋಗಿ ಬರಲು 76 ಮೀಟರ್, ಸೆಕೆಂಡಿಗೆ 340 ಮೀಟರ್ ವೇಗವಾದರೆ ಸೆಕೆಂಡಿನ ಕಾಲು ಭಾಗಕ್ಕಿಂತ ತುಸು ಕಡಿಮೆ. ಈ ಲೆಕ್ಕವನ್ನು ಅಲ್ಲೇ ಕೂತು ಮಾಡಿಸಿದ ಪ್ರವಾಸ ಎಷ್ಟು?

ನಾವು ತಂತ್ರಜ್ಞಾನದ ವಿರೋಧಿಗಳಲ್ಲ. ನೀತಿ ಆಯೋಗ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಕೊಡುತ್ತಿದೆ. 2025ರ ಬಜೆಟ್ಟಿನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಅಂತ ಘೋಷಣೆಯಾಯಿತು. ಬರಲಿ. ಆದರೆ ತ್ರೀಡಿ ಪ್ರಿಂಟರೂ ಕಪಾಟು ಸೇರಿದರೆ ಅದು ಬೆಲೆ ಹೆಚ್ಚಿನ ಬೀಕರ್, ಅಷ್ಟೇ. ಪರದೆಯ ಮೇಲೆ ಪ್ರಯೋಗದ ವಿಡಿಯೊ ನೋಡುವುದು ಟಿವಿಯಲ್ಲಿ ಅಡುಗೆ ನೋಡಿದಂತೆ. ಹೊಟ್ಟೆ ತುಂಬುವುದಿಲ್ಲ, ಕೈಯೂ ಪಳಗುವುದಿಲ್ಲ.

ಬಡ ಹಳ್ಳಿಗಳಲ್ಲಿ ಇದು ಆಗದ ಮಾತು ಎನ್ನುವವರು ಹೋಶಂಗಾಬಾದ್ ನೆನೆಯಲಿ. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದಿಂದಲೇ ವಿಜ್ಞಾನ ಕಲಿಸುವ ಕೆಲಸ ಶುರುವಾಯಿತು. ಪರೀಕ್ಷೆಯಲ್ಲೂ ಪುಸ್ತಕ ತೆರೆದಿಡಬಹುದಿತ್ತು, ಪ್ರಯೋಗ ಮಾಡಿಯೇ ತೋರಿಸಬೇಕಿತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂರು ದಶಕ ಹಳ್ಳಿಯ ಮಕ್ಕಳು ಪ್ರಯೋಗ ಮಾಡಿದ್ದನ್ನು ಮಾತ್ರ ಯಾರೂ ಅಳಿಸಲಾರರು.

ಹಾಗಾಗಿ ಮಠಾಧೀಶರಿಗೆ, ಅಂಜುಮನ್‌ಗಳ ಹಿರಿಯರಿಗೆ, ಟ್ರಸ್ಟಿಗಳಿಗೆ ನಮ್ಮ ಬೇಡಿಕೆ ನಾಲ್ಕೇ. ಆರರಿಂದ ಹತ್ತನೇ ಕ್ಲಾಸಿನವರೆಗೆ ವಾರಕ್ಕೆ ಒಂದು ಜೋಡಿ ಅವಧಿ ಪ್ರಯೋಗಕ್ಕೆ ಮೀಸಲಿಡಿ, ಅದನ್ನು ವೇಳಾಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಡೆದ ಗಾಜಿನ ಖರ್ಚು ಮಂಡಳಿಯದು, ಶಿಕ್ಷಕರದಲ್ಲ ಅಂತ ಠರಾವು ಮಾಡಿ. ಸುರಕ್ಷತೆಯ ಸಾಮಾನು, ಹೊಣೆ ಎರಡೂ ಮಂಡಳಿಯವೇ ಆಗಲಿ. ಆಂತರಿಕ ಅಂಕ ಕೊಡುವ ಮುಂಚೆ ಮಗುವಿನ ಪ್ರಯೋಗದ ನೋಟ್‌ಬುಕ್ ನೋಡಿ. ವಾರ್ಷಿಕೋತ್ಸವದ ವರದಿಯಲ್ಲಿ ಶೇಕಡಾವಾರು ಫಲಿತಾಂಶದ ಪಕ್ಕದಲ್ಲಿ ಈ ವರ್ಷ ಪ್ರತಿ ಮಗು ಎಷ್ಟು ಪ್ರಯೋಗ ತನ್ನ ಕೈಯಾರೆ ಮಾಡಿತು ಅಂತಲೂ ಓದಿ.

ಪಾಲಕರೇ, ಮುಂದಿನ ಸಭೆಗೆ ಹೋದಾಗ ಫೀ ಬಗ್ಗೆ ಕೇಳಿ, ಬಸ್ಸಿನ ಬಗ್ಗೆ ಕೇಳಿ. ಜೊತೆಗೆ ಇದೊಂದನ್ನೂ ಕೇಳಿ: "ಲ್ಯಾಬಿನ ಕೀಲಿಕೈ ಯಾರ ಕಡೆ ಐತ್ರಿ?"