ಅಂಗಡಿ ಕಟ್ಟೆಯಿಂದ: ಆಟದಲ್ಲಿಯೂ ಒಂದು ಜಮಾಖರ್ಚು



ರಜೆ ಬಂತೆಂದರೆ ಮಕ್ಕಳು ಕಂಪ್ಯೂಟರ್ ಆಟ ಬಿಟ್ಟು ಏಳುವುದಿಲ್ಲವೆಂಬುದು ಮನೆಮನೆಯ ದೂರು. ದೂರುವ ಮೊದಲು ಅದರ ಒಳಹೊರಗನ್ನು ನಾವು ಹಿರಿಯರು ತಿಳಿಯಬೇಕು. ಸರಕು ನೋಡದೆ ದರ ಹೇಳುವುದು ವ್ಯಾಪಾರಿಗೆ ಒಪ್ಪುವುದಿಲ್ಲ.

1980ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬ ವಿದ್ಯಾರ್ಥಿಗಳು 'ರೋಗ್' ಎಂಬ ಆಟ ಕಟ್ಟಿದರು. ಕೆನ್ ಆರ್ನಾಲ್ಡ್ ಎಂಬುವರು ಆಮೇಲೆ ಕೈಜೋಡಿಸಿದರು. ಅವರ ಮುಂದಿದ್ದ ಪರದೆಯಲ್ಲಿ ಅಕ್ಷರ ಮೂಡುತ್ತಿತ್ತೇ ಹೊರತು ಚಿತ್ರವಲ್ಲ. ಇದ್ದುದರಲ್ಲಿಯೇ ಸಂಸಾರ ಹೂಡಿದರು. ಗೆರೆಗಳೇ ಗೋಡೆ, ಚುಕ್ಕೆಯೇ ನೆಲ, ಇಂಗ್ಲಿಷಿನ 26 ದೊಡ್ಡ ಅಕ್ಷರಗಳೇ 26 ಬಗೆಯ ಜಂತು-ಭೂತಗಳು. 'ಬಿ' ಎಂದರೆ ಬಾವಲಿ, 'ಝಡ್' ಎಂದರೆ ನಡೆದಾಡುವ ಹೆಣ. ಆಡುವವನೋ, ನಾವು ಬಿಲ್ಲಿನಲ್ಲಿ ದರದ ಮುಂದೆ ಹಾಕುವ '@' ಗುರುತು! ಪ್ರತಿ ಸಲವೂ ನೆಲಮಾಳಿಗೆಯ ನಕ್ಷೆ ಹೊಸದು. ಬುತ್ತಿ ತೀರಿದರೆ ಹಸಿವಿನಿಂದಲೂ ಸಾವು. ಸತ್ತರೆ ಮೊದಲಿನಿಂದಲೇ ಆರಂಭ. ಈ ಜಾತಿಯ ಆಟಗಳಿಗೆಲ್ಲ 'ರೋಗ್‌ಲೈಕ್' ಎಂದೇ ಹೆಸರಾಯಿತು.

ಮುಂದೆ ಮನೆಗೊಂದು ಕಂಪ್ಯೂಟರ್ ಬರುವ ಕಾಲ ಬಂತು. 1982ರಲ್ಲಿ ಇಂಗ್ಲೆಂಡಿನಲ್ಲಿ ಸಿಂಕ್ಲೇರ್ ಕಂಪನಿಯ 'ಸ್ಪೆಕ್ಟ್ರಮ್' ಹೊರಬಂತು. ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆ, ಅಷ್ಟೇ. ಚಿತ್ರ ಬೇಕೆಂದವರು ಚೌಕಳಿ ಕಾಗದದ ಮೇಲೆ ಎಂಟಕ್ಕೆ ಎಂಟು ಮನೆ ಗುರುತಿಸಿ, ಬೇಕಾದ ಮನೆಗಳನ್ನು ತುಂಬುತ್ತಿದ್ದರು. ಸೊಲ್ಲಾಪುರದ ಚಾದರಿನ ನಮೂನೆಯನ್ನು ಮಗ್ಗಕ್ಕೆ ಏರಿಸುವ ಮೊದಲು ಕಾಗದದ ಮೇಲೆ ತೆಗೆಯುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ.

ಪ್ರತಿ ಸಾಲಿನ ಎಂಟು ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಮನೆಗಳ ಬೆಲೆ ಕೂಡಿಸಬೇಕು. ಎರಡು ತುದಿಯ ಮನೆ ಮಾತ್ರ ತುಂಬಿದರೆ 129, ಎಲ್ಲವೂ ತುಂಬಿದರೆ 255. ಹೀಗೆ ಎಂಟು ಸಾಲಿಗೆ ಎಂಟು ಅಂಕಿ ಕೊಟ್ಟರೆ ಒಂದು ಪುಟ್ಟ ಗೊಂಬೆ ಸಿದ್ಧ. ನಮ್ಮ ತಂದೆಯವರ ಕಾಲದ ತೂಕಗಳೂ ಇದೇ ಜಾಣ್ಮೆಯವು: ಸೇರು, ಅರ್ಧ ಸೇರು, ಪಾವು, ಅರ್ಧ ಪಾವು, ಛಟಾಕು, ಒಂದರ ಅರ್ಧ ಮತ್ತೊಂದು. ನಾಲ್ಕೈದು ಗುಂಡುಗಳಲ್ಲಿ ಪೇಟೆಯೆಲ್ಲ ತೂಗುತ್ತಿದ್ದರು.

ಇನ್ನು ಮುಖ್ಯ ವಿಷಯ. ಈ ಆಟಗಳಲ್ಲಿ ಹೊಡೆಯುವುದು, ಕೊಲ್ಲುವುದು ಉಂಟು. "ಅಜ್ಜಾ, ಅಕ್ಷರ ಕೊಂದರೆ ಪಾಪವೇ?" ಎಂದು ಮಕ್ಕಳು ಕೇಳಿಯಾರು. ಯಶೋಧರನ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಬಲಿಗೆ ಇಟ್ಟದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪ ಅವನನ್ನು ಜನ್ಮಜನ್ಮಾಂತರ ಅಲೆಸಿತು.

ಅಚ್ಚರಿಯೆಂದರೆ, ಇದೇ ಜಾತಿಯಲ್ಲಿ 1987ರಲ್ಲಿ ಹೊರಬಂದ 'ನೆಟ್‌ಹ್ಯಾಕ್' ಎಂಬ ಆಟದ ಮುಂದಿನ ಆವೃತ್ತಿಗಳು ಆಡುವವನ ನಡತೆಯ ಲೆಕ್ಕವನ್ನೂ ಇಡುತ್ತವೆ. ಮಾಂಸ ತಿನ್ನದೆ ಆಡಿದನೇ? ಹಾಲು, ಮೊಟ್ಟೆಯನ್ನೂ ಬಿಟ್ಟನೇ? ಒಂದು ಜೀವವನ್ನೂ ಕೊಲ್ಲದೆ ಮುಗಿಸಿದನೇ? ಕೊನೆಗೆ ಈ ಖಾತೆ ತೆರೆದು ತೋರಿಸುತ್ತದೆ. ಅಹಿಂಸೆಯಿಂದ ಆಡುವುದು ಬಹಳ ಕಠಿಣವೆಂದು ಬಲ್ಲವರು ಎಣಿಸುತ್ತಾರೆ.

ಆದರೆ ಆ ಖಾತೆಯಲ್ಲಿ ಒಂದು ರಿಯಾಯಿತಿ ಇದೆ. ಆಡುವವನ ಜೊತೆಗಿರುವ ಸಾಕುನಾಯಿ ಅಥವಾ ಬೆಕ್ಕು ಕೊಂದರೆ ಅವನ ಹೆಸರಿಗೆ ಖರ್ಚು ಬೀಳುವುದಿಲ್ಲ. ನಮ್ಮ ಹಿರಿಯರ ಲೆಕ್ಕ ಇನ್ನೂ ಬಿಗಿ. ಕೃತ, ಕಾರಿತ, ಅನುಮತ: ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು, ಮೂರೂ ತನ್ನದೇ ಖಾತೆಗೆ. ಅಂಗಡಿಯಲ್ಲಿ ಗುಮಾಸ್ತ ತೂಕ ಕಡಿಮೆ ಮಾಡಿದರೂ ಮಾಲೀಕನ ಹೆಸರಿಗೇ ಅಲ್ಲವೇ?

ಆದ್ದರಿಂದ ತಂದೆ-ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿನ ಕೈಯಿಂದ ಯಂತ್ರ ಕಸಿಯುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತುಕೊಳ್ಳಿ. "ಕೊಲ್ಲದೆ ಎಷ್ಟು ದೂರ ಹೋಗಬಲ್ಲೆ, ತೋರಿಸು" ಎನ್ನಿ. ಚೌಕಳಿ ಕಾಗದ ಕೊಟ್ಟು ಎಂಟು ಅಂಕಿಯಲ್ಲಿ ಒಂದು ಹೂ ಬರೆಸಿ. ಲೆಕ್ಕವೂ ಬರುತ್ತದೆ, ವಿವೇಕವೂ ಬರುತ್ತದೆ.