ಕಲ್ಲಿಗೆ ಶರಣಾಗುವ ವಿಶ್ವಾಸಿಗಳು

ಹಾವಿನ ಹೆಡೆಯಲ್ಲಿ ಮಣಿಯಿದೆ, ಆನೆಯ ಕುಂಭಸ್ಥಳದಲ್ಲಿ ಮುತ್ತಿದೆ, ಕಾಡುಮೇಕೆಯ ಹೊಟ್ಟೆಯ ಕಲ್ಲು ಸಕಲ ವಿಷವನ್ನೂ ಇಳಿಸುತ್ತದೆ. ಇವು ಅಜ್ಜಿಯ ಕಥೆಗಳಾಗಿಯೇ ಉಳಿದಿದ್ದರೆ ನಮ್ಮ ತಕರಾರಿರಲಿಲ್ಲ. ಆದರೆ ಅವಿಂದು ವ್ಯಾಪಾರವಾಗಿವೆ. ಐದು ಹೊತ್ತು ನಮಾಝ್ ಮಾಡುವವರೂ ಬರ್ಕತ್ತಿನ ಆಸೆಯಿಂದ ‘ನಾಗಮಣಿ’ಗೆ ಹಣ ಸುರಿಯುತ್ತಿರುವಾಗ ಮೌನ ವಹಿಸುವುದು ಸರಿಯಲ್ಲ.

ಹಾವಿನ ತಲೆಯಲ್ಲಿರುವುದು ಮೆದುಳು, ಎಲುಬು ಮತ್ತು ವಿಷಗ್ರಂಥಿ, ರತ್ನವಲ್ಲ. ಮೇಕೆಯ ಹೊಟ್ಟೆಯಲ್ಲಿ ಕಲ್ಲು ಉಂಟಾಗುವುದು ನಿಜ. ಜೀರ್ಣವಾಗದ ನಾರು, ಕೂದಲುಗಳ ಸುತ್ತ ಲವಣಗಳು ಪದರಪದರವಾಗಿ ಗಟ್ಟಿಯಾಗುವುದೇ ಅದು. ಪಾರ್ಸಿ ಭಾಷೆಯಲ್ಲಿ ಅದಕ್ಕೆ ‘ಪಾದ್‌ಝಹರ್’, ಅಂದರೆ ವಿಷನಿವಾರಕ ಎಂಬ ಹೆಸರು. ನಮ್ಮ ಪ್ರಾಚೀನ ಹಕೀಮರೂ ಅದನ್ನು ನಂಬಿದ್ದರು. 16ನೇ ಶತಮಾನದ ಫ್ರಾನ್ಸಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಅಡುಗೆಯವನೊಬ್ಬನಿಗೆ ವಿಷ ಕುಡಿಸಿ ಈ ಕಲ್ಲನ್ನು ಪರೀಕ್ಷಿಸಲಾಯಿತು. ಆತ ನರಳಿ ಸತ್ತನು. ವೈದ್ಯ ಆಂಬ್ರ್ವಾಸ್ ಪಾರೆ ಇದನ್ನು ದಾಖಲಿಸಿದ್ದಾನೆ.

ಅತ್ಯಂತ ಅಪಾಯಕಾರಿಯಾದುದು ಹಾವು ಕಚ್ಚಿದ ಗಾಯಕ್ಕೆ ಅಂಟಿಸುವ ‘ವಿಷಕಲ್ಲು’. ಹಾವಿನ ಹೊಟ್ಟೆಯಿಂದ ಬಂದುದೆಂದು ಹೇಳಲಾಗುವ ಈ ಕಪ್ಪು ತುಂಡು ಸಾಮಾನ್ಯವಾಗಿ ಸುಟ್ಟ ಎಲುಬು. ಅದರ ಸೂಕ್ಷ್ಮ ರಂಧ್ರಗಳು ರಕ್ತದ ತೇವವನ್ನು ಹೀರುವುದರಿಂದ ಅದು ಅಂಟಿಕೊಳ್ಳುತ್ತದೆ, ತುಂಬಿದಾಗ ಉದುರುತ್ತದೆ. ವಿಷವಾದರೋ ಅಷ್ಟರಲ್ಲಿ ದೇಹವನ್ನು ಸೇರಿಯಾಗಿರುತ್ತದೆ. ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷರಹಿತ. ಬದುಕುಳಿದವನ ಕೀರ್ತಿ ಕಲ್ಲಿಗೆ, ಸತ್ತವನ ಹೊಣೆ ವಿಧಿಗೆ! 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ. ಆಸ್ಪತ್ರೆಗೆ ಒಯ್ಯಬೇಕಾದ ಗಳಿಗೆಯನ್ನು ಕಲ್ಲಿಗಾಗಿ ಕಳೆಯುವುದು ಕೊಲೆಗೆ ಸಮಾನವಲ್ಲವೇ?

ಇದನ್ನು ಧರ್ಮದೊಂದಿಗೆ ಬೆಸೆಯುವವರು ಇತಿಹಾಸವನ್ನು ಓದಲಿ. ಪಚ್ಚೆಯನ್ನು ಕಂಡರೆ ಹಾವಿನ ಕಣ್ಣು ಹೋಗುತ್ತದೆಂಬ ನಂಬಿಕೆಯನ್ನು 11ನೇ ಶತಮಾನದ ವಿದ್ವಾಂಸ ಅಲ್ ಬಿರೂನಿ ಸುಮ್ಮನೆ ಒಪ್ಪಲಿಲ್ಲ. ಹಾವಿಗೆ ಪಚ್ಚೆಯ ಹಾರ ತೊಡಿಸಿ ಒಂಬತ್ತು ತಿಂಗಳು ಪರೀಕ್ಷಿಸಿದರು. ಹಾವಿಗೆ ಏನೂ ಆಗಲಿಲ್ಲ. ಕಅಬಾದ ಹಜರುಲ್ ಅಸ್ವದನ್ನು ಚುಂಬಿಸುವಾಗಲೂ ಖಲೀಫಾ ಉಮರ್(ರ), ಅದು ಲಾಭ-ಹಾನಿ ಮಾಡಲಾರದ ಕಲ್ಲೆಂದೂ ಪ್ರವಾದಿ(ಸ)ಯವರು ಚುಂಬಿಸಿದ್ದರಿಂದಲೇ ತಾನು ಚುಂಬಿಸುತ್ತಿರುವೆನೆಂದೂ ಸಾರಿದ್ದರು. ಆ ಕಲ್ಲಿಗೇ ಇಲ್ಲದ ಶಕ್ತಿಯನ್ನು ಬೀದಿಬದಿಯ ಕಲ್ಲಿಗೆ ಆರೋಪಿಸುವುದು ತೌಹೀದ್‌ಗೆ ಎಸಗುವ ಅಪಚಾರ. ಪ್ರತಿ ರೋಗಕ್ಕೂ ಅಲ್ಲಾಹನು ಔಷಧವಿಟ್ಟಿದ್ದಾನೆಂದು ಪ್ರವಾದಿ(ಸ)ಯವರು ಕಲಿಸಿರುವಾಗ ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವೂ ಅಲ್ಲ.

ಹಾವು ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರ-ತಂತ್ರಕ್ಕೆ ಒಡ್ಡುವುದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. 2024ರಲ್ಲಿ ಸರಕಾರವು ಹಾವು ಕಡಿತವನ್ನು ಅಧಿಸೂಚಿತ ರೋಗವೆಂದೂ ಘೋಷಿಸಿತು. ಘೋಷಣೆ ಸಾಲದು, ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವಿಷನಿರೋಧಕ ಚುಚ್ಚುಮದ್ದು ಇರಲೇಬೇಕು. ಅದಿಲ್ಲದ ಕಡೆ ಕಲ್ಲಿನವನ ಬಾಗಿಲಿಗೆ ಜನ ಹೋಗುತ್ತಾರೆ. ಹಾಗೆಂದು ಸರಕಾರವನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಉಲಮಾಗಳು ಜುಮಾ ಖುತ್ಬಾದಲ್ಲಿ ಈ ವಂಚನೆಯನ್ನು ಹೆಸರು ಹಿಡಿದು ಖಂಡಿಸಲಿ. ಮಸೀದಿಯ ಅಂಗಳದಲ್ಲಿ ಮಣಿ ಮಾರುವವರನ್ನು ಜಮಾಅತ್ ಸಮಿತಿಗಳು ಹೊರಹಾಕಲಿ. ಲಾ ಇಲಾಹ ಇಲ್ಲಲ್ಲಾಹ್ ಎಂದು ಸಾಕ್ಷ್ಯ ನುಡಿದ ಸಮುದಾಯವು ಕಲ್ಲಿನ ಭಯದಿಂದಲೂ ಕಲ್ಲಿನ ಆಸೆಯಿಂದಲೂ ಮುಕ್ತವಾಗಬೇಕು.