ಐದು ಮಾತುಗಳ ಚೀಟಿ

ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಪ್ಲೇಸ್ಕೂಲಿನಲ್ಲಿ ನನ್ನ ತಂಗಿ ಟೀಚರ್. ರಾಯಚೂರಿನಿಂದ ಮದುವೆಯಾಗಿ ಹೋದವಳು. ಅವಳ ಕೋಣೆಯಲ್ಲಿ ಮೂರು ನಾಲ್ಕು ವರ್ಷದ 28 ಮಕ್ಕಳು, ಜೊತೆಗೆ ಒಬ್ಬ ಆಯಾ. ಕಳೆದ ಜೂನ್‌ನಲ್ಲಿ ಇಡೀ ಒಂದು ದಿನ ಅಲ್ಲಿ ಕೂತಿದ್ದೆ. ಬಿ.ಎಡ್. ಕಾಲೇಜಿನಲ್ಲಿ 19 ವರ್ಷ ಪಿಯಾಜೆ, ವೈಗಾಟ್‌ಸ್ಕಿ ಅಂತ ಪಾಠ ಮಾಡಿದ ನಾನು ಇಷ್ಟು ಚಿಕ್ಕ ಮಕ್ಕಳ ನಡುವೆ ಬೆಳಗಿನಿಂದ ಬಿಡುವ ತನಕ ಕೂತದ್ದು ಅದೇ ಮೊದಲು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಬೇಕು, 20 ಮಕ್ಕಳಿಗೆ ಒಬ್ಬ ಹಿರಿಯರಿರಬೇಕು ಎಂದು 2013ರ ರಾಷ್ಟ್ರೀಯ ನೀತಿಯೇ ಹೇಳಿದೆ. ಮನೆಮಾತಿನ ವಿಚಾರವನ್ನು 2020ರ ಶಿಕ್ಷಣ ನೀತಿಯೂ ಎತ್ತಿಹಿಡಿಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಕೋಣೆಯಲ್ಲಿ ತೆಲುಗು, ಉರ್ದು, ಒಡಿಯಾ, ಮಾರವಾಡಿ, ಕನ್ನಡ ಎಲ್ಲ ಇವೆ. ಯಾರ ಮನೆಮಾತು?

ತಂಗಿ ಪರ್ಸಿನಿಂದ ಒಂದು ಮಾಸಿದ ಚೀಟಿ ತೆಗೆದಳು. ಮಗು ಸೇರುವ ದಿನವೇ ಅದರ ತಾಯಿಯಿಂದ ಐದು ಮಾತು ಕೇಳಿ ಬರೆದುಕೊಳ್ಳುತ್ತಾಳೆ: ನೀರು, ಉಚ್ಚೆ, ನೋವು, ಸಾಕು, ಅಮ್ಮ ಬರ್ತಾಳೆ.

"ಇದನ್ನ ಯಾವ ಪುಸ್ತಕದಾಗ ಓದಿದಿ?"

"ಪುಸ್ತಕದಾಗ ಎಲ್ಲಿ ಬರ್ತದ ಯಕ್ಕಾ? ಒಂದು ಕೂಸು ನೀರು ನೀರು ಅಂತ ಅವರ ಮಾತಿನಾಗ ಅತ್ತು ಅತ್ತು ಮಲ್ಕೊಂಡುಬಿಡ್ತು. ನನಗ ತಿಳೀಲೇ ಇಲ್ಲ. ಅವತ್ತಿನಿಂದ ಬರಕೊಳ್ಳಾಕ ಹತ್ತೀನಿ."

ನಮ್ಮ ಕಾಲೇಜಿನಿಂದಲೂ ಇಂಥ ಕೋಣೆಗಳಿಗೆ ವಿದ್ಯಾರ್ಥಿಗಳನ್ನು ಕಳಿಸಿದ್ದೇನೆ, ಕೈಗೊಂದು ನಮೂನೆ ಕೊಟ್ಟು. ಕಲಿಕಾ ವಾತಾವರಣ ಉತ್ತಮವೋ, ಸಾಧಾರಣವೋ, ಕಳಪೆಯೋ, ಗುರುತು ಹಾಕಿ. "ನೀವು ಏನು ಕಂಡುಕೊಂಡಿರಿ?" ಎಂದು ಟೀಚರನ್ನು ಕೇಳುವ ಸಾಲು ಅದರಲ್ಲಿ ಇರಲಿಲ್ಲ. ವರದಿ ಇಂಗ್ಲಿಷಿನಲ್ಲಿ ಬಂತು. ಆ ಟೀಚರುಗಳ ಕೈಗೆ ಅದು ಹೋಗಲೇ ಇಲ್ಲ.

ಬೇರೆ ದಾರಿ ನಮ್ಮಲ್ಲೇ ಇತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಹುಟ್ಟಿದ್ದು ಮೇಷ್ಟ್ರುಗಳ ಕೈಯಲ್ಲಿ. ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ಕಾರ್ಡು, ಹಾಡುಗಳನ್ನು ಅವರೇ ಮಾಡಿಕೊಂಡರು. ಅದು ಒಂದನೇ ತರಗತಿಯಿಂದ ಮೇಲಿನ ಮಕ್ಕಳದ್ದು, ನಿಜ. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದಾಗ ಕಾರ್ಡುಗಳು ಅಚ್ಚಾಗಿ ಬಂದವು. "ಕಾರ್ಡು ಕಳೆದರೆ ಏನು ಮಾಡೋದು ಮೇಡಂ?" ಎಂದು ತರಬೇತಿಯೊಂದರಲ್ಲಿ ಒಬ್ಬರು ನನ್ನನ್ನು ಕೇಳಿದ್ದರು. ಕೋಟೆಯ ಆ ಮೊದಲ ಮೇಷ್ಟ್ರುಗಳಾಗಿದ್ದರೆ ಇನ್ನೊಂದು ಬರೆದುಕೊಳ್ಳುತ್ತಿದ್ದರು.

ಹಾಗಂತ ಟೀಚರು ಮಾಡಿದ್ದೆಲ್ಲ ಸರಿ ಎನ್ನುತ್ತಿಲ್ಲ. ಅದೇ ಕೋಣೆಯಲ್ಲಿ ಮೂರು ವರ್ಷದ ಕೂಸುಗಳು ಚುಕ್ಕಿ ಸೇರಿಸಿ ಎ ಬಿ ಸಿ ತಿದ್ದುತ್ತಿದ್ದವು. ಆ ಬೆರಳು ಬರವಣಿಗೆಗೆ ಇನ್ನೂ ಸಿದ್ಧವಿಲ್ಲ ಎಂಬ ವಿದ್ವಾಂಸರ ಮಾತು ಸರಿ, ತಂಗಿಗೂ ಗೊತ್ತು. ಆದರೆ ನೋಟ್‌ಬುಕ್ ತುಂಬದಿದ್ದರೆ ತಂದೆತಾಯಿ ಪಕ್ಕದ ಬೀದಿಯ ಶಾಲೆಗೆ ಹೋಗುತ್ತಾರೆಂದು ಮಾಲೀಕರ ಒತ್ತಾಯ. ಪೋಷಕರ ಸಭೆಯಲ್ಲಿ ಅವಳ ಪಕ್ಕ ನಿಂತು ಇದನ್ನು ವಿವರಿಸಲು ಯಾವ ಪ್ರೊಫೆಸರೂ ಬರುವುದಿಲ್ಲ. ನಾನೂ ಹೋಗಿರಲಿಲ್ಲ.

ಟೀಚರುಗಳನ್ನು ತಯಾರು ಮಾಡುವ ಕಾಲೇಜುಗಳ ಅಧ್ಯಾಪಕರು ವರ್ಷಕ್ಕೆ ಒಂದು ತಿಂಗಳಾದರೂ ಇಂಥ ಕೋಣೆಯಲ್ಲಿ ಕೆಲಸ ಮಾಡಬೇಕು. ಕೂತು ನೋಡುವುದಲ್ಲ, ಮೂಗು ಒರೆಸುವುದೂ ಸೇರಿ. ತಂಗಿಯಂಥವರಿಗೆ ವಾರಕ್ಕೆ ಒಂದು ಗಂಟೆ, ಸಂಬಳದ ಗಂಟೆ, ಕಂಡದ್ದನ್ನು ತಮ್ಮ ಭಾಷೆಯಲ್ಲಿ ಬರೆದಿಡಲು ಸಿಗಬೇಕು. ಈಗ ಅವಳು ಬರೆಯುವುದು ಬಸ್ಸಿನಲ್ಲಿ, ಟಿಕೆಟಿನ ಹಿಂದೆ.